ತಾನು ಹಿಡಿದ ಮೊಲಕ್ಕೆ ಮೂರೇ ಕಾಲು: ರಾಜಕೀಯ ಜಗಳದಲ್ಲಿ ನಮ್ಮ ಬುದ್ಧಿ ಯಾರ ಪರ ಕೆಲಸ ಮಾಡತ್ತೆ?

ರಾಜಕೀಯದ ಮಾತು ಬಿಸಿಯೇರಿ ಇಬ್ಬರ ದನಿನೂ ಜೋರಾದಾಗ ಮೂರನೆಯವರೊಬ್ಬರು ನಡುವೆ ಬಂದು ಹೇಳೋದು ಯಾವಾಗ್ಲೂ ಒಂದೇ, "ಅಯ್ಯೋ ಸ್ವಲ್ಪ ಪಕ್ಷಪಾತ ಬಿಟ್ಟು ಯೋಚ್ನೆ ಮಾಡ್ರಪ್ಪ, ಕಿತ್ತಾಡೋದು ಬಿಟ್ಟು ಚರ್ಚೆ ಮಾಡಿ". ಕೇಳೋಕೆ ಚೆನ್ನಾಗಿದೆ, ಯಾರೂ ಬೇಡ ಅನ್ನಲ್ಲ. ಆದ್ರೆ ಈ ಬುದ್ಧಿಮಾತನ್ನೇ ಲ್ಯಾಬಿಗೆ ತಗೊಂಡು ಹೋಗಿ ಪರೀಕ್ಷೆ ಮಾಡಿದವರಿದ್ದಾರೆ, ಅಲ್ಲಿ ಅದು ಕೆಲಸಕ್ಕೇ ಬರಲಿಲ್ಲ.

1979ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ಯೂನಿವರ್ಸಿಟಿಯ ಚಾರ್ಲ್ಸ್ ಲಾರ್ಡ್, ಲೀ ರಾಸ್, ಮಾರ್ಕ್ ಲೆಪರ್ ಅನ್ನೋ ಮನಶ್ಶಾಸ್ತ್ರಜ್ಞರು 48 ಸ್ಟೂಡೆಂಟ್‌ಗಳನ್ನ ಕರೆಸಿದ್ರು, ಅರ್ಧ ಜನ ಮರಣದಂಡನೆ ಇರಬೇಕು ಅನ್ನೋರು, ಇನ್ನರ್ಧ ಬೇಡವೇ ಬೇಡ ಅನ್ನೋರು. ಎಲ್ಲರಿಗೂ ಎರಡೆರಡು ಅಧ್ಯಯನ ಓದೋಕೆ ಕೊಟ್ರು. ಒಂದು, ಮರಣದಂಡನೆ ಇದ್ರೆ ಕೊಲೆ ಕಮ್ಮಿಯಾಗತ್ತೆ ಅನ್ನತ್ತೆ, ಇನ್ನೊಂದು ಆಗಲ್ಲ ಅನ್ನತ್ತೆ, ಎರಡನ್ನೂ ಈ ಪ್ರಯೋಗಕ್ಕೆ ಅಂತಲೇ ಹೆಣೆದಿದ್ರು. ಎರಡೂ ಕಡೆಯ ಸಾಕ್ಷಿ ನೋಡಿದ ಮೇಲೆ ಎಲ್ಲರೂ ಸ್ವಲ್ಪ ಮೆತ್ತಗಾಗಿ ನಡುವಿಗೆ ಬರಬೇಕಲ್ವಾ? ಬರಲಿಲ್ಲ. ತಮ್ಮ ಪರ ಇದ್ದ ಅಧ್ಯಯನ ಗಟ್ಟಿಯಾಗಿದೆ ಅಂದ್ರು, ವಿರುದ್ಧ ಇದ್ದದ್ದರಲ್ಲಿ ಹುಳುಕು ಹುಡುಕಿದ್ರು, ಕೊನೆಗೆ ಬೇಕು ಅನ್ನೋರು ಮುಂಚೆಗಿಂತ ಇನ್ನೂ ಗಟ್ಟಿಯಾಗಿ ಬೇಕು ಅಂದ್ರು, ಬೇಡ ಅನ್ನೋರು ಇನ್ನೂ ಆ ಕಡೆಗೇ ಸರಿದ್ರು. ಇದರಲ್ಲಿ ನನಗೆ ತುಂಬ ಹಿಡಿಸಿದ ವಿವರ ಒಂದಿದೆ, ಸಂಶೋಧಕರು ಅಧ್ಯಯನದ ವಿಧಾನಗಳನ್ನ ಅದಲುಬದಲು ಮಾಡಿದ್ರು. ಅಂದ್ರೆ ಒಂದೇ ರಾಜ್ಯದ ಹಿಂದಿನ ಮತ್ತು ಮುಂದಿನ ಲೆಕ್ಕ ಹೋಲಿಸೋ ವಿಧಾನ ಕೆಲವರ ಕೈಗೆ ಅವರ ಪರವಾದ ಫಲಿತಾಂಶದ ಜೊತೆ ಬಂತು, ಕೆಲವರಿಗೆ ವಿರುದ್ಧವಾದದ್ದರ ಜೊತೆ ಬಂತು. ಪರವಾಗಿದ್ದಾಗ ಅದು ಸರಿಯಾದ ವಿಧಾನ, ವಿರುದ್ಧವಾಗಿದ್ದಾಗ ಅದೇ ವಿಧಾನ ದಂಡ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತಾರಲ್ಲ, ಇಲ್ಲಿ ನಾಲ್ಕನೇ ಕಾಲು ಕಣ್ಣ ಮುಂದೆ ಇಟ್ಟರೂ ಅದು ಕಾಲೇ ಅಲ್ಲ ಅಂತ ವಾದ ಮಾಡೋಕೆ ಕಾರಣಗಳು ತಯಾರಾಗಿದ್ವು.

ಐದು ವರ್ಷ ಆದ ಮೇಲೆ, 1984ರಲ್ಲಿ, ಲಾರ್ಡ್ ಮತ್ತು ಲೆಪರ್ ಇನ್ನೊಬ್ಬರ ಜೊತೆ ಸೇರಿ ಅದೇ ಪ್ರಯೋಗವನ್ನ ಸ್ವಲ್ಪ ತಿದ್ದಿ ಮಾಡಿದ್ರು. ಒಂದು ಗುಂಪಿಗೆ "ಜಡ್ಜ್ ಥರ ಸಾಧ್ಯವಾದಷ್ಟು ನಿಷ್ಪಕ್ಷಪಾತವಾಗಿ ತೂಗಿ ನೋಡಿ" ಅಂತ ಸೂಚನೆ ಕೊಟ್ರು, ಅಂದ್ರೆ ಆ ಮೂರನೆಯವರ ಬುದ್ಧಿಮಾತೇ. ಏನೂ ವ್ಯತ್ಯಾಸ ಆಗಲಿಲ್ಲ, ಯಾಕಂದ್ರೆ ಅವರೆಲ್ಲ ತಾವು ಆಗಲೇ ನಿಷ್ಪಕ್ಷಪಾತವಾಗೇ ಇದ್ದೀವಿ ಅಂದುಕೊಂಡೇ ಓದ್ತಿದ್ರು, ಪಾಪ ಸುಳ್ಳೂ ಹೇಳ್ತಿರಲಿಲ್ಲ. ಇನ್ನೊಂದು ಗುಂಪಿಗೆ ಬೇರೆ ಕೆಲಸ ಕೊಟ್ರು: ಪ್ರತಿ ಹೆಜ್ಜೆಗೂ ನಿಂತು, ಇದೇ ಅಧ್ಯಯನ ಇದೇ ವಿಧಾನದಲ್ಲಿ ನಡೆದು ಫಲಿತಾಂಶ ಮಾತ್ರ ಉಲ್ಟಾ ಬಂದಿದ್ರೆ ನಾನು ಇದನ್ನ ಇಷ್ಟೇ ಒಳ್ಳೇದು ಅಥವಾ ಇಷ್ಟೇ ಕೆಟ್ಟದ್ದು ಅಂತಿದ್ನಾ ಅಂತ ಕೇಳ್ಕೊಳ್ಳಿ. ಇಲ್ಲಿ ಪಕ್ಷಪಾತ ಕರಗಿತು. ಎರಡೂ ಸೂಚನೆ ಹೊರಗಿಂದ ನೋಡಿದ್ರೆ ಒಂದೇ ಥರ ಕಾಣತ್ತೆ, ಆದ್ರೆ ಒಂದು ಬರೀ ಒಳ್ಳೆ ಉದ್ದೇಶ ಕೇಳತ್ತೆ, ಇನ್ನೊಂದು ಮಾಡೋಕೆ ಒಂದು ಕೆಲಸ ಕೊಡತ್ತೆ. ಆರೋಗ್ಯಕರ ಚರ್ಚೆ ಬೇಕು ಅಂತ ಕರೆ ಕೊಡೋರೆಲ್ಲ ಹೆಚ್ಚಾಗಿ ಮೊದಲನೇದನ್ನೇ ಕೇಳ್ತಾರೆ ಅನ್ನೋದು ನನ್ನ ತಕರಾರು.

ಓದಿದವರು, ಲೆಕ್ಕ ಗೊತ್ತಿರೋರು ಇದರಿಂದ ಪಾರಾಗ್ತಾರೆ ಅಂದುಕೊಂಡ್ರೆ ಅದೂ ಗ್ಯಾರಂಟಿ ಇಲ್ಲ. ಯೇಲ್ ಲಾ ಸ್ಕೂಲಿನ ಡ್ಯಾನ್ ಕಹಾನ್ ಮತ್ತು ಜೊತೆಗಾರರು ಸಾವಿರದ ನೂರಕ್ಕೂ ಹೆಚ್ಚು ಜನರನ್ನ ಗುಂಪು ಮಾಡಿ, ಕೆಲವರಿಗೆ ಒಂದು ಸಣ್ಣ ಟೇಬಲ್ ತೋರಿಸಿದ್ರು. ಚರ್ಮದ ಮೇಲಿನ ಗಂದೆಗೆ ಒಂದು ಹೊಸ ಕ್ರೀಮು, ಹಚ್ಚಿಕೊಂಡವರಲ್ಲಿ 223 ಜನಕ್ಕೆ ವಾಸಿ ಆಯ್ತು, 75 ಜನಕ್ಕೆ ಜಾಸ್ತಿ ಆಯ್ತು, ಹಚ್ಚಿಕೊಳ್ಳದವರಲ್ಲಿ 107 ಜನಕ್ಕೆ ವಾಸಿ, 21 ಜನಕ್ಕೆ ಜಾಸ್ತಿ. ಕ್ರೀಮು ಕೆಲಸ ಮಾಡ್ತಾ? 223 ನೋಡಿದ ತಕ್ಷಣ ಹೌದು ಅನ್ಸತ್ತೆ. ಆದ್ರೆ ಭಾಗಿಸಿ ನೋಡಿ, ಹಚ್ಚಿಕೊಂಡವರಲ್ಲಿ ಒಬ್ಬರಿಗೆ ಜಾಸ್ತಿ ಆದ್ರೆ ಹತ್ತಿರಹತ್ತಿರ ಮೂವರಿಗೆ ವಾಸಿ, ಹಚ್ಚಿಕೊಳ್ಳದವರಲ್ಲಿ ಒಬ್ಬರಿಗೆ ಐವರು. ಅಂದ್ರೆ ಹಚ್ಚದೇ ಇರೋದೇ ವಾಸಿ. ಬಹಳ ಜನ ಇದರಲ್ಲಿ ಎಡವಿದ್ರು, ಲೆಕ್ಕದಲ್ಲಿ ಗಟ್ಟಿ ಇರೋರು ಸರಿಯಾಗಿ ಹೇಳಿದ್ರು, ಅಲ್ಲಿಗೆ ಸರಿ. ಉಳಿದವರಿಗೆ ಇದೇ ಅಂಕಿಗಳನ್ನ ಇಟ್ಟುಕೊಂಡು ಮೇಲಿನ ಹೆಸರು ಮಾತ್ರ ಬದಲಾಯಿಸಿ ಕೊಟ್ರು, ಕ್ರೀಮಿನ ಜಾಗದಲ್ಲಿ ಸಾರ್ವಜನಿಕ ಜಾಗದಲ್ಲಿ ಬಂದೂಕು ಬಚ್ಚಿಟ್ಟುಕೊಂಡು ಓಡಾಡೋದನ್ನ ನಿಷೇಧ ಮಾಡಿದ ಊರುಗಳು, ಗಂದೆಯ ಜಾಗದಲ್ಲಿ ಅಪರಾಧ, ಕೆಲವರ ಟೇಬಲ್ಲಿನಲ್ಲಿ ನಿಷೇಧದಿಂದ ಅಪರಾಧ ಇಳಿದ ಹಾಗೆ, ಕೆಲವರದ್ದರಲ್ಲಿ ಏರಿದ ಹಾಗೆ ಉತ್ತರ ಬರತ್ತೆ. ಈಗ ಲೆಕ್ಕದ ಜಾಣರು ಉತ್ತರ ತಮ್ಮ ಪಕ್ಷಕ್ಕೆ ಅನುಕೂಲವಾಗಿ ಬರೋ ಕಡೆ ಮಾತ್ರ ಸರಿಯಾಗಿ ಭಾಗಿಸಿದ್ರು, ಅನುಕೂಲ ಇಲ್ಲದ ಕಡೆ ಮೊದಲ ನೋಟಕ್ಕೆ ಕಂಡದ್ದನ್ನೇ ಒಪ್ಪಿಕೊಂಡು ಸುಮ್ಮನಾದ್ರು, ಹಾಗಾಗಿ ಲೆಕ್ಕ ಬರದವರಿಗಿಂತ ಇವರ ನಡುವೆಯೇ ಬಿರುಕು ದೊಡ್ಡದಿತ್ತು. ಬೇರೆಯವರು ಇದನ್ನ ಮತ್ತೆ ಮಾಡಿದಾಗ ಫಲಿತಾಂಶ ಎಲ್ಲ ಕಡೆ ಇಷ್ಟೇ ಜೋರಾಗಿ ಬಂದಿಲ್ಲ, ಅದನ್ನೂ ಹೇಳಿಬಿಡಬೇಕು. ಆದ್ರೆ ಜಾಣತನ ಒಂದೇ ನಮ್ಮನ್ನ ಕಾಪಾಡತ್ತೆ ಅಂತ ತೋರಿಸಿದವರಂತೂ ಯಾರೂ ನನಗೆ ಕಂಡಿಲ್ಲ.

ಹಾಗಾದ್ರೆ ಮನುಷ್ಯನಿಗೆ ಈ ತರ್ಕಶಕ್ತಿ ಯಾಕೆ ಬಂತು, ಇಷ್ಟು ಕಳಪೆಯಾಗಿದ್ರೆ? ಫ್ರಾನ್ಸಿನ ಹ್ಯೂಗೋ ಮರ್ಸಿಯೆ ಮತ್ತು ಡಾನ್ ಸ್ಪರ್ಬರ್ 2011ರಲ್ಲಿ ಒಂದು ಉತ್ತರ ಮುಂದಿಟ್ರು, ನನಗೆ ಇದು ಒಪ್ಪಿಗೆ ಆಗತ್ತೆ. ತರ್ಕ ಇರೋದು ಒಬ್ಬನೇ ಕೂತು ಸತ್ಯ ಹುಡುಕೋಕಲ್ಲ, ಇನ್ನೊಬ್ಬರನ್ನ ಒಪ್ಪಿಸೋಕೆ ಮತ್ತು ಇನ್ನೊಬ್ಬರು ಹೇಳಿದ್ದನ್ನ ಜರಡಿ ಹಿಡಿಯೋಕೆ. ಅದಕ್ಕೇ ನಮ್ಮ ವಾದ ಕಟ್ಟುವಾಗ ನಾವು ಸೋಮಾರಿಗಳು, ಕೈಗೆ ಸಿಕ್ಕಿದ ಮೊದಲ ಕಾರಣವನ್ನೇ ಒಗೆದುಬಿಡ್ತೀವಿ, ಎದುರಿನವರ ವಾದದಲ್ಲಿ ಮಾತ್ರ ಕೂದಲು ಸೀಳ್ತೀವಿ. ಇದನ್ನ ಪರೀಕ್ಷೆ ಮಾಡೋಕೆ ಒಂದು ತರಲೆ ಪ್ರಯೋಗವೂ ಆಯ್ತು, 2016ರಲ್ಲಿ ಬಂದದ್ದು. ಜನರಿಗೆ ತರ್ಕದ ಲೆಕ್ಕ ಕೊಟ್ಟು ಉತ್ತರದ ಜೊತೆ ಕಾರಣ ಬರೆಸಿಕೊಂಡ್ರು, ಸ್ವಲ್ಪ ಹೊತ್ತಾದ ಮೇಲೆ ಅವರು ಬರೆದ ಕಾರಣವನ್ನೇ "ಇದು ಇನ್ನೊಬ್ಬರು ಬರೆದಿದ್ದು, ನಿಮಗೆ ಒಪ್ಪಿಗೆನಾ" ಅಂತ ಕೊಟ್ರು. ಮೋಸ ಗೊತ್ತಾಗದೇ ಹೋದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಮ್ಮದೇ ವಾದವನ್ನ ಇದು ಸರಿಯಿಲ್ಲ ಅಂತ ತಳ್ಳಿಹಾಕಿದ್ರು! ಅದರಲ್ಲೂ ನಿಜವಾಗಿ ತಪ್ಪಿದ್ದ ವಾದಗಳನ್ನೇ ಜಾಸ್ತಿ ತಳ್ಳಿದ್ರು, ಅಂದ್ರೆ ತಪ್ಪು ಹಿಡಿಯೋ ಶಕ್ತಿ ಅವರಲ್ಲಿ ಇತ್ತು, ಹೆಸರು ತಮ್ಮದಾಗಿದ್ದಾಗ ಅದು ನಿದ್ದೆ ಮಾಡ್ತಿತ್ತು ಅಷ್ಟೆ.

ಇದರ ಒಳ್ಳೆ ಮುಖವೂ ಇದೆ. ವೇಸನ್ ಅನ್ನೋರು ಮಾಡಿದ ನಾಲ್ಕು ಕಾರ್ಡಿನ ಒಗಟು ಅಂತ ಒಂದಿದೆ, ನೋಡೋಕೆ ಸುಲಭ, ಒಬ್ಬೊಬ್ಬರೇ ಕೂತು ಮಾಡಿದ್ರೆ ನೂರಕ್ಕೆ ಹತ್ತು ಜನ ಬಿಡಿಸೋದೂ ಕಷ್ಟ. 1998ರ ಒಂದು ಅಧ್ಯಯನದಲ್ಲಿ ಒಂಟಿಯಾಗಿ ಕೂತವರಲ್ಲಿ ಶೇಕಡಾ 9 ಜನ ಬಿಡಿಸಿದ್ರು, ಐದಾರು ಜನ ಸೇರಿ ವಾದ ಮಾಡ್ತಾ ಕೂತ ಗುಂಪುಗಳಲ್ಲಿ ಶೇಕಡಾ 75 ಗುಂಪು ಬಿಡಿಸಿದ್ವು. ವಾದ ಮಾಡೋದು ರೋಗ ಅಲ್ಲ ಅಂತಾಯ್ತು. ಆದ್ರೆ ಕಾರ್ಡಿನ ಒಗಟಿನಲ್ಲಿ ಸೋತರೆ ಯಾರ ಮಾನವೂ ಹೋಗಲ್ಲ, ರಾಜಕೀಯದಲ್ಲಿ ಹೋಗತ್ತೆ, ಫಜೀತಿ ಶುರುವಾಗೋದು ಅಲ್ಲಿಂದ.

ಪಕ್ಷ ಅನ್ನೋದು ಒಂದು ಅಭಿಪ್ರಾಯ ಆಗಿದ್ದದ್ದು ನಾನು ಯಾರು ಅನ್ನೋದಕ್ಕೆ ಉತ್ತರ ಆಗಿಬಿಟ್ಟಿದೆ. ಅಮೆರಿಕದಲ್ಲಿ 1960ರಲ್ಲಿ, ನಿಮ್ಮ ಮಗ ಅಥವಾ ಮಗಳು ಎದುರು ಪಕ್ಷದವರನ್ನ ಮದುವೆ ಆದ್ರೆ ಬೇಜಾರಾಗತ್ತಾ ಅಂತ ಕೇಳಿದ್ರೆ ಹೌದು ಅಂದವರು ಎರಡೂ ಪಕ್ಷದಲ್ಲಿ ಶೇಕಡಾ 5ರ ಆಸುಪಾಸು. 2010ರಲ್ಲಿ ಅಂಥದ್ದೇ ಪ್ರಶ್ನೆಗೆ ರಿಪಬ್ಲಿಕನ್ನರಲ್ಲಿ ಹತ್ತಿರಹತ್ತಿರ ಅರ್ಧ, ಡೆಮಾಕ್ರಾಟರಲ್ಲಿ ಮೂರನೇ ಒಂದು ಭಾಗ. ಇನ್ನೊಂದು ಅಧ್ಯಯನದಲ್ಲಿ ರಿಪಬ್ಲಿಕನ್ನರಲ್ಲಿ ವರ್ಷಕ್ಕೆ ಎರಡೂವರೆ ಲಕ್ಷ ಡಾಲರಿಗಿಂತ ಹೆಚ್ಚು ದುಡಿಯೋರು ಎಷ್ಟಿರಬಹುದು ಅಂತ ಜನರನ್ನ ಕೇಳಿದಾಗ ಸರಾಸರಿ ಅಂದಾಜು ಶೇಕಡಾ 38 ಬಂತು, ನಿಜ ಶೇಕಡಾ 2. ಎದುರು ಪಕ್ಷದವರು ಅಂದ ತಕ್ಷಣ ನಮ್ಮ ತಲೆಗೆ ಬರೋದು ಪಕ್ಕದಲ್ಲಿರೋ ಮನುಷ್ಯ ಅಲ್ಲ, ಒಂದು ವ್ಯಂಗ್ಯಚಿತ್ರ, ಜಗಳ ಅರ್ಧ ಅದರ ಜೊತೆಗೇ ನಡೆದಿರತ್ತೆ.

ತಮಾಷೆ ಅಂದ್ರೆ ಇಷ್ಟು ಗಟ್ಟಿಯಾಗಿ ಹಿಡಿದುಕೊಂಡ ಅಭಿಪ್ರಾಯಗಳು ಒಳಗಿಂದ ಅಷ್ಟೇನೂ ಗಟ್ಟಿ ಇಲ್ಲ. 2010ರ ಸ್ವೀಡನ್ ಚುನಾವಣೆಗೆ ಸ್ವಲ್ಪ ಮುಂಚೆ ಲುಂಡ್ ಯೂನಿವರ್ಸಿಟಿಯವರು ದಾರಿಯಲ್ಲಿ ಹೋಗೋ ವೋಟರ್‌ಗಳನ್ನ ನಿಲ್ಲಿಸಿ 12 ಪ್ರಶ್ನೆ ಕೊಟ್ರು, ಎಡ ಬಲ ಬೇರೆಯಾಗೋ ವಿಷಯಗಳೇ ಎಲ್ಲ. ಅವರು ಟಿಕ್ ಮಾಡ್ತಿರೋ ಹಾಗೇ ಸಂಶೋಧಕ ಇನ್ನೊಂದು ಹಾಳೆಯಲ್ಲಿ ವಿರುದ್ಧ ಕಡೆಗೆ ವಾಲೋ ಉತ್ತರ ತುಂಬಿ, ಮ್ಯಾಜಿಕ್‌ನವರ ಕೈಚಳಕದಲ್ಲಿ ಅದನ್ನ ಅವರ ಉತ್ತರದ ಮೇಲೆ ಅಂಟಿಸಿಬಿಡ್ತಿದ್ದ. ಆಮೇಲೆ, ಈ ಉತ್ತರ ಯಾಕೆ ಕೊಟ್ರಿ ಸ್ವಲ್ಪ ವಿವರಿಸಿ ಅಂತ ಕೇಳೋದು. ಬದಲಾಯಿಸಿದ ಉತ್ತರಗಳಲ್ಲಿ ಜನ ಹಿಡಿದದ್ದು ಶೇಕಡಾ 22 ಮಾತ್ರ, ಉಳಿದದ್ದಕ್ಕೆಲ್ಲ ತಾವು ಕೊಡದ ಉತ್ತರವನ್ನ ತಾವೇ ಸಮರ್ಥನೆ ಮಾಡಿಕೊಂಡ್ರು, ಕೊನೆಗೆ ಎಡಕ್ಕೋ ಬಲಕ್ಕೋ ಅಂತ ಕೂಡಿಸಿದ ಸ್ಕೋರನ್ನ ಶೇಕಡಾ 92 ಜನ ಇದು ನನ್ನದೇ ಅಂತ ಒಪ್ಪಿದ್ರು. ಪಕ್ಷದ ಬಾವುಟ ಹಿಡಿದು ಕೇಳಿದ್ರೆ ಇವರು ಒಂದಿಂಚು ಅಲ್ಲಾಡ್ತಿರಲಿಲ್ಲ. ಒಂದೊಂದೇ ವಿಷಯ, ಎದುರಿಗೆ ಯಾರೂ ಸೋಲಿಸೋಕೆ ನಿಂತಿಲ್ಲ, ಅಷ್ಟಾದ್ರೆ ಮನಸ್ಸು ಆರಾಮಾಗಿ ಆಚೆಗೂ ಹೋಗಿ ಬರತ್ತೆ.

ಮನಸ್ಸು ನಿಜವಾಗಿ ಬದಲಾದ ಕಥೆಗೆ ಒಂದು ಹಗರಣದ ಹಿನ್ನೆಲೆ ಇದೆ. 2014ರ ಕೊನೆಯಲ್ಲಿ ಸೈನ್ಸ್ ಪತ್ರಿಕೆಯಲ್ಲಿ, ಮನೆ ಬಾಗಿಲಿಗೆ ಹೋಗಿ ಇಪ್ಪತ್ತು ನಿಮಿಷ ಮಾತಾಡಿದ್ರೆ ಸಲಿಂಗಿಗಳ ಮದುವೆ ಬಗ್ಗೆ ಜನರ ಅಭಿಪ್ರಾಯ ತಿಂಗಳುಗಟ್ಟಲೆ ಬದಲಾಗಿರತ್ತೆ ಅಂತ ಒಂದು ಪ್ರಬಂಧ ಬಂತು, ದೊಡ್ಡ ಸುದ್ದಿಯೂ ಆಯ್ತು. ಡೇವಿಡ್ ಬ್ರೂಕ್‌ಮನ್ ಮತ್ತು ಜೋಶ್ ಕಲ್ಲಾ ಅನ್ನೋ ಇಬ್ಬರು ಅದನ್ನೇ ಮುಂದುವರಿಸೋಕೆ ಹೋಗಿ ಡೇಟಾ ನೋಡಿದ್ರೆ ಏನೋ ತಾಳೆಯಾಗ್ತಿಲ್ಲ, ಕೆದಕ್ತಾ ಹೋದ್ರೆ ಆ ಸರ್ವೆ ನಡೆದ ಕುರುಹೇ ಇಲ್ಲ, 2015ರಲ್ಲಿ ಪ್ರಬಂಧ ವಾಪಸ್ ಆಯ್ತು. ಕಥೆ ಅಲ್ಲಿಗೇ ಮುಗೀಬೇಕಿತ್ತು, ಆದ್ರೆ ಅದೇ ಇಬ್ಬರು ಮಯಾಮಿಯಲ್ಲಿ ಟ್ರಾನ್ಸ್‌ಜೆಂಡರ್ ಜನರ ಹಕ್ಕಿನ ಬಗ್ಗೆ ನಿಜವಾದ ಪ್ರಯೋಗ ಮಾಡಿದಾಗ, 2016ರಲ್ಲಿ, ಸುಮಾರು ಹತ್ತು ನಿಮಿಷದ ಮಾತಿನಿಂದ ಬಂದ ಬದಲಾವಣೆ ಮೂರು ತಿಂಗಳು ಉಳಿದಿತ್ತು! ಆ ಹತ್ತು ನಿಮಿಷದಲ್ಲಿ ಏನು ಮಾಡ್ತಿದ್ರು ನೋಡಿ. ಬಾಗಿಲು ತೆಗೆದವರ ಅಭಿಪ್ರಾಯ ಕೇಳಿ, ಅದು ತಪ್ಪು ಅಂತ ಎಲ್ಲೂ ಅನ್ನದೆ, ನೀವು ಬೇರೆ ಥರ ಇದ್ದೀರಿ ಅಂತ ಯಾರಾದ್ರೂ ನಿಮ್ಮನ್ನ ಕೀಳಾಗಿ ನೋಡಿದ್ದಿದೆಯಾ, ಆಗ ಹೇಗನ್ನಿಸ್ತು ಅಂತ ಕೇಳೋದು, ತಮ್ಮದೂ ಒಂದು ಅನುಭವ ಹೇಳೋದು. 2020ರಲ್ಲಿ ಇವರೇ ಈ ಕಥೆ ಹಂಚಿಕೊಳ್ಳೋ ಭಾಗವನ್ನ ತೆಗೆದು ಬರೀ ವಾದ ಮಾತ್ರ ಇಟ್ಟು ನೋಡಿದ್ರು, ಅಳೆಯೋಷ್ಟು ಪರಿಣಾಮವೇ ಸಿಗಲಿಲ್ಲ.

ಹಾಗಂತ ಸತ್ಯಾಂಶ ಹೇಳಿದ್ರೆ ಉಲ್ಟಾ ಹೊಡೆಯತ್ತೆ ಅಂತ ಅರ್ಥ ಅಲ್ಲ. 2010ರ ಒಂದು ಅಧ್ಯಯನ ಆದಮೇಲೆ, ತಪ್ಪು ತಿದ್ದಿದ್ರೆ ಜನ ಆ ತಪ್ಪನ್ನೇ ಇನ್ನೂ ಬಿಗಿಯಾಗಿ ನಂಬ್ತಾರೆ ಅನ್ನೋದು ಎಲ್ಲರ ಬಾಯಲ್ಲೂ ಓಡಾಡ್ತು, ಈಗಲೂ ಓಡಾಡ್ತಿದೆ, ಆದ್ರೆ ಥಾಮಸ್ ವುಡ್ ಮತ್ತು ಈಥನ್ ಪೋರ್ಟರ್ ಹತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ 52 ವಿಷಯ ಇಟ್ಟುಕೊಂಡು ಹುಡುಕಿದಾಗ ಅದು ಹೆಚ್ಚುಕಮ್ಮಿ ಸಿಗಲೇ ಇಲ್ಲ. ಜನ ತಿದ್ದಿದ ಅಂಕಿಅಂಶ ಒಪ್ಪಿಕೊಳ್ತಾರೆ, ಪಕ್ಷ ಮಾತ್ರ ಬಿಡಲ್ಲ. ಅಂಕಿ ಬೇರೆ, ನಿಷ್ಠೆ ಬೇರೆ, ನಾವು ಅಂಕಿ ಕೊಟ್ಟು ನಿಷ್ಠೆ ಬದಲಾಗಲಿಲ್ಲ ಅಂತ ಸಿಟ್ಟು ಮಾಡ್ಕೊಳ್ತೀವಿ.

ಆನ್‌ಲೈನ್ ಬಗ್ಗೆ ಎರಡು ಮಾತು. ಇಂಟರ್ನೆಟ್ಟು ಒಳ್ಳೆಯವರನ್ನ ಕೆಡಿಸತ್ತೆ ಅಂತ ಹೇಳೋರಿಗೆ ಡೆನ್ಮಾರ್ಕಿನ ಅಲೆಕ್ಸಾಂಡರ್ ಬೋರ್ ಮತ್ತು ಮೈಕೆಲ್ ಬ್ಯಾಂಗ್ ಪೀಟರ್ಸನ್ 2022ರಲ್ಲಿ ಕೊಟ್ಟ ಉತ್ತರ ಏನಂದ್ರೆ, ಅಲ್ಲಿ ಕಚ್ಚಾಡೋರು ಹೆಚ್ಚಾಗಿ ಹೊರಗೂ ಕಚ್ಚಾಡೋರೇ, ಹೊರಗಿನ ಜಗಳ ಅಲ್ಲಿದ್ದ ನಾಲ್ಕು ಜನಕ್ಕೆ ಕಾಣತ್ತೆ, ಆನ್‌ಲೈನಿನದ್ದು ಊರಿಗೆಲ್ಲ ಕಾಣತ್ತೆ. ಜೊತೆಗೆ ನೋಡೋ ಜನ ಇದ್ರು ಅಂದ್ರೆ ನಾವು ಎದುರಿನವರ ಜೊತೆ ಮಾತಾಡ್ತಿರಲ್ಲ, ನಮ್ಮ ಕಡೆಯವರ ಚಪ್ಪಾಳೆಗೆ ಮಾತಾಡ್ತಿರ್ತೀವಿ. ಟೈಪ್ ಮಾಡೋದಕ್ಕೂ ಮಾತಾಡೋದಕ್ಕೂ ಕೂಡ ವ್ಯತ್ಯಾಸ ಇದೆ, 2017ರ ಒಂದು ಅಧ್ಯಯನದಲ್ಲಿ ಎದುರು ಪಕ್ಷದವರ ಮಾತನ್ನ ಅಕ್ಷರದಲ್ಲಿ ಓದಿದವರಿಗಿಂತ ಅದೇ ಮಾತನ್ನ ಅವರ ದನಿಯಲ್ಲೇ ಕೇಳಿದವರು, ಒಪ್ಪದೇ ಇದ್ರೂ, ಇವರು ಯೋಚನೆ ಮಾಡೋ ಮನುಷ್ಯರು ಅಂತ ಜಾಸ್ತಿ ಒಪ್ಪಿಕೊಂಡ್ರು. ದೊಡ್ಡ ಥ್ರೆಡ್ಡಿನಲ್ಲಿ ಐವತ್ತನೇ ಕಾಮೆಂಟ್ ಹಾಕೋ ಬದಲು ಆ ಮನುಷ್ಯನಿಗೆ ಒಂದು ಫೋನ್ ಮಾಡೋದು ವಾಸಿ ಅಂತ ನಾನು ಇದರಿಂದ ತೀರ್ಮಾನಕ್ಕೆ ಬಂದಿದೀನಿ.

ಇಷ್ಟಕ್ಕೇ ಎಲ್ಲ ಸರಿಹೋಗತ್ತೆ ಅಂತಲೂ ಇಲ್ಲ. ಎರಿಕ್ ಸ್ಯಾಂಟೊರೊ ಮತ್ತು ಅದೇ ಬ್ರೂಕ್‌ಮನ್ 2022ರಲ್ಲಿ ಎರಡು ಪಕ್ಷದವರನ್ನ ಜೋಡಿ ಮಾಡಿ ವಿಡಿಯೋ ಕಾಲಿನಲ್ಲಿ ಮಾತಾಡಿಸಿದ್ರು. ನಿಮ್ಮ ಪ್ರಕಾರ ಒಂದು ಒಳ್ಳೆ ದಿನ ಅಂದ್ರೆ ಹೇಗಿರಬೇಕು ಅನ್ನೋ ಹರಟೆ ಹೊಡೆದವರಲ್ಲಿ ಎದುರು ಪಕ್ಷದವರ ಮೇಲಿನ ದ್ವೇಷ ಸಿಕ್ಕಾಪಟ್ಟೆ ಇಳಿಯಿತು, ಭಿನ್ನಾಭಿಪ್ರಾಯ ಇರೋ ವಿಷಯವನ್ನೇ ಮಾತಾಡಿದವರಲ್ಲಿ ಹಾಗೆ ಇಳಿಯಲಿಲ್ಲ, ಮೂರು ತಿಂಗಳಾದ ಮೇಲೆ ಹೋಗಿ ನೋಡಿದ್ರೆ ಮೊದಲನೆಯವರಲ್ಲೂ ಆ ಇಳಿದದ್ದರಲ್ಲಿ ಬಹುಪಾಲು ಮತ್ತೆ ಏರಿತ್ತು. ಅಕ್ಕರೆ ಹುಟ್ಟಿಸೋದು ಒಂದು ಕೆಲಸ, ವಿಷಯ ಇತ್ಯರ್ಥ ಮಾಡೋದು ಬೇರೆ ಕೆಲಸ. ಒಂದು ಸಲದ ಒಳ್ಳೆ ಹರಟೆಯಿಂದ ಮೊದಲನೇದೂ ಪೂರ್ತಿ ಆಗಲ್ಲ ಅಂತ ಕಾಣತ್ತೆ, ಮತ್ತೆ ಮತ್ತೆ ಕೂರಬೇಕಾಗತ್ತೆ, ಅದಕ್ಕೆ ಟೈಮು ಯಾರ ಹತ್ರ ಇದೆ ಅನ್ನೋದಕ್ಕೆ ಯಾವ ಲ್ಯಾಬಿನಲ್ಲೂ ಉತ್ತರ ಇಲ್ಲ.