ಕಳ್ಳ ಬಿಟ್ಟುಹೋದ ಸೀರೆಗಳು

ಎರಡು ವರ್ಷದ ಹಿಂದೆ ಮದುವೆಗೆಂದು ಊರಿಗೆ ಹೋಗಿದ್ದಾಗ ನಮ್ಮ ಮನೆಗೆ ಕಳ್ಳರು ನುಗ್ಗಿದ್ದರು. ವಾಪಸ್ ಬಂದು ನೋಡಿದರೆ ಬೀರು ಬಾಗಿಲು ತೆರೆದು ನಿಂತಿತ್ತು, ಸೀರೆಗಳೆಲ್ಲ ನೆಲದ ಮೇಲಿದ್ದವು. ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿ ಬೋರಲು ಬಿದ್ದಿತ್ತು. ಹೆಂಗಸರು ದುಡ್ಡು ಎಲ್ಲಿಡುತ್ತಾರೆ ಅನ್ನುವುದು ಕಳ್ಳನಿಗೂ ಗೊತ್ತು! ಎರಡು ಚಿನ್ನದ ಬಳೆ, ಒಂದು ಸರ, ಅಜ್ಜಿಯ ಕಾಲದ ಬೆಳ್ಳಿ ಕುಂಕುಮ ಭರಣಿ ಹೋಗಿದ್ದವು.

ಅಮ್ಮ ಬಳೆಗೆ ಅತ್ತದ್ದು ಒಂದೇ ದಿನ. ಮುಚ್ಚಳ ಸರಿಯಾಗಿ ಕೂರದ ಆ ಪುಟ್ಟ ಭರಣಿಗೆ ಇವತ್ತಿಗೂ ಕಣ್ಣೀರು.

ಪಕ್ಕದ ಮನೆಯವರು 'ಅಂಜನ ಹಾಕಿಸಿ' ಅಂದರು. ನನಗೆ ರೇಗಿತು. ವೀಳ್ಯದೆಲೆಗೆ ಕಪ್ಪು ಹಚ್ಚಿ ದಿಟ್ಟಿಸಿದರೆ ಏನೋ ಒಂದು ಮುಖ ಕಂಡೇ ಕಾಣುತ್ತದೆ. ಅದು ಮೊದಲೇ ಅನುಮಾನ ಇದ್ದವರ ಮುಖ. ಸಾಮಾನ್ಯವಾಗಿ ಪಾಪದ ಮನೆಗೆಲಸದವಳದ್ದು. ಇನ್ನೊಬ್ಬರು 'ಋಣ ಇರಲಿಲ್ಲ ಬಿಡಿ' ಅಂದರು. ಋಣವೇ ಇರಲಿಲ್ಲ ಅಂದರೆ ಭರಣಿಗೆ ಇಷ್ಟು ಅಳು ಯಾಕೆ?

1980ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಇಂಥದ್ದಕ್ಕೆ 'ಎಂಡೋಮೆಂಟ್ ಎಫೆಕ್ಟ್' ಅಂತ ಹೆಸರಿಟ್ಟರು. ನಮ್ಮದು ಅಂತ ಆದ ಕ್ಷಣವೇ ವಸ್ತುವಿನ ಬೆಲೆ ನಮ್ಮ ಕಣ್ಣಲ್ಲಿ ಏರಿಬಿಡುತ್ತದೆ. ಅವರಿಗೆ ಪರಿಚಯವಿದ್ದ ಒಬ್ಬ ಅರ್ಥಶಾಸ್ತ್ರದ ಮೇಷ್ಟ್ರು ತಮ್ಮ ಹಳೆಯ ವೈನ್ ಬಾಟಲಿಯನ್ನು 100 ಡಾಲರ್‌ಗೂ ಮಾರುತ್ತಿರಲಿಲ್ಲ. ಅಂಥದ್ದನ್ನೇ ಕೊಳ್ಳಬೇಕಾದರೆ 35 ಡಾಲರ್ ಮೇಲೆ ಕೈ ಬಿಚ್ಚುತ್ತಿರಲಿಲ್ಲ. ಅರ್ಥಶಾಸ್ತ್ರ ಪಾಠ ಹೇಳುವವರ ಕಥೆಯೇ ಹೀಗೆ! 1990ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಅರ್ಧದಷ್ಟು ವಿದ್ಯಾರ್ಥಿಗಳಿಗೆ ಕಾಫಿ ಮಗ್ ಕೊಟ್ಟರು. ಸಿಕ್ಕವರು ಅದಕ್ಕೆ ಕೇಳಿದ್ದು ಸುಮಾರು 5.25 ಡಾಲರ್. ಸಿಗದವರು ಕೊಡಲು ಒಪ್ಪಿದ್ದು ಅದರ ಅರ್ಧದ ಆಸುಪಾಸು. ಮಗ್ ಕೈಗೆ ಬಂದು ಒಂದು ದಿನವೂ ಆಗಿರಲಿಲ್ಲ. ಇನ್ನು ಐವತ್ತು ವರ್ಷ ದಿನಾ ಬೆಳಗ್ಗೆ ಬೆರಳಿಟ್ಟ ಭರಣಿ?

ವಸ್ತು ಗೋಡೆಗೆ ಹಬ್ಬಿದ ಬಳ್ಳಿಯ ಹಾಗೆ. ಕಿತ್ತರೆ ಗಾರೆಯೂ ಜೊತೆಗೆ ಬರುತ್ತದೆ. ಅಥವಾ ಬ್ಯಾಂಡೇಜ್ ಅನ್ನಿ, ಎಳೆದರೆ ಕೂದಲೂ ಬರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲೇ ಹೇಳಿದ್ದರು: ಮನುಷ್ಯನ 'ನಾನು' ಅಂದರೆ ಅವನು 'ನನ್ನದು' ಅನ್ನುವುದೆಲ್ಲ ಸೇರಿದ್ದು. ಬಟ್ಟೆ, ಮನೆ, ಬ್ಯಾಂಕಿನ ದುಡ್ಡು ಕೂಡ.

ಕಳ್ಳತನದಲ್ಲಿ ಇನ್ನೊಂದು ತಮಾಷೆ ಇದೆ. ಕಳ್ಳ ಸೀರೆ ಒಂದನ್ನೂ ಒಯ್ದಿರಲಿಲ್ಲ. ಆದರೂ ಅಮ್ಮ ಎಲ್ಲವನ್ನೂ ಒಗೆಸಿದರು. ರೇಷ್ಮೆ ಸೀರೆಗಳನ್ನು ಡ್ರೈಕ್ಲೀನಿಂಗ್‌ಗೆ ಕೊಟ್ಟರು, ಎರಡನ್ನು ಉಡುವುದನ್ನೇ ಬಿಟ್ಟರು. ಇದೇನು ಮಡಿ ಅಂತ ನಾನು ಗೊಣಗಿದ್ದೆ. ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಮತ್ತು ಜೊತೆಗಾರರು 1980ರ ದಶಕದಲ್ಲಿ ಕ್ರಿಮಿಶುದ್ಧಿ ಮಾಡಿದ ಸತ್ತ ಜಿರಳೆಯನ್ನು ಜ್ಯೂಸ್‌ನಲ್ಲಿ ಅದ್ದಿ ತೆಗೆದು ಕೊಟ್ಟರು. ಕೊಳೆ ಇಲ್ಲ ಅಂತ ಗೊತ್ತಿದ್ದರೂ ಜನಕ್ಕೆ ಅದು ಸೇರಲಿಲ್ಲ. ಪರಕೀಯನ ಕೈ ತಗಲಿದ ಸೀರೆಯೂ ಹಾಗೇ. ಅಳತೆಗೆ ಸಿಗುವ ಕೊಳೆ ಏನೂ ಇಲ್ಲ, ಆದರೆ ಅದು 'ನಮ್ಮದು' ಆಗಿ ಉಳಿದಿಲ್ಲ.

ಆಮೇಲೆ ಕೊಂಡ ಬಳೆಗಳು ನೇರ ಲಾಕರ್‌ಗೆ ಹೋದವು. ಹಳೆಯವನ್ನು ಅಮ್ಮ 'ನಿನ್ನ ನಾಮಕರಣದ ಬಳೆ' ಅನ್ನುತ್ತಿದ್ದರು. ಇವುಗಳಿಗೆ ಹೆಸರೇ ಇಲ್ಲ, ಬರೀ ಗ್ರಾಂ ಲೆಕ್ಕ. ಕುಂಕುಮ ಈಗ ಪ್ಲಾಸ್ಟಿಕ್ ಡಬ್ಬಿಯಲ್ಲಿದೆ. ಬೆಳ್ಳಿಯದ್ದು ತಂದುಕೊಡ್ತೀನಿ ಅಂದರೆ, 'ಬೇಡಪ್ಪ, ಅದನ್ನೂ ಕಾಯ್ಕೊಂಡು ಕೂರಬೇಕು' ಅನ್ನುತ್ತಾರೆ.