ಇಲಿಯ ಮೈಯಲ್ಲಿ ಮನುಷ್ಯನ ಗಡ್ಡೆ: ಅಗಲವನ್ನು ಮಾತ್ರ ಯಾಕೆ ವರ್ಗ ಮಾಡುತ್ತಾರೆ?

ಕ್ಯಾನ್ಸರ್ ಹೇಗೆ ಬೆಳೆಯುತ್ತದೆ, ಔಷಧಿ ಅದಕ್ಕೆ ನಾಟುತ್ತದೆಯೇ ಅಂತ ನೋಡಲು ಮನುಷ್ಯನ ಕ್ಯಾನ್ಸರ್ ಗಡ್ಡೆಯ ಚೂರನ್ನು ಸಾಮಾನ್ಯ ಇಲಿಯ ಚರ್ಮದಡಿ ಇಟ್ಟರೆ ಅದು ಉಳಿಯುವುದಿಲ್ಲ. ಇಲಿಯ ರೋಗನಿರೋಧಕ ಶಕ್ತಿ ಅದನ್ನು ಮುಗಿಸಿಬಿಡುತ್ತದೆ. ಅದಕ್ಕೇ ಆ ಶಕ್ತಿ ಕುಂದಿದ ಇಲಿಗಳು ಬೇಕು. ನ್ಯೂಡ್ ಎಂಬ ಕೂದಲಿಲ್ಲದ ತಳಿಯ ಇಲಿಗೆ ಥೈಮಸ್ (ಟಿ ಕೋಶಗಳು ಬಲಿಯುವ ಎದೆಯ ಗ್ರಂಥಿ) ಇಲ್ಲ, ಹಾಗಾಗಿ ಹೊರಗಿನದನ್ನು ಗುರುತಿಸಿ ಹೊಡೆಯುವ ಟಿ ಕೋಶ ಹೋಯಿತು. ಸ್ಕಿಡ್ ತಳಿಯ ಇಲಿಯಲ್ಲಿ ಟಿ ಕೋಶ, ಪ್ರತಿಕಾಯ ತಯಾರಿಸುವ ಬಿ ಕೋಶ ಎರಡೂ ಇಲ್ಲ. ಎನ್‌ಎಸ್‌ಜಿ ತಳಿಯಲ್ಲಿ ಟಿ, ಬಿ, ಕ್ಯಾನ್ಸರ್ ಕೋಶಗಳನ್ನು ನೇರ ಕೊಲ್ಲುವ ಎನ್‌ಕೆ ಕೋಶ ಮೂರೂ ಇಲ್ಲ. ಇಷ್ಟು ಬಾಯಿಪಾಠ ಮಾಡಿದರೆ ಸಾಕು. 1969ರಲ್ಲಿ ಡೆನ್ಮಾರ್ಕ್‌ನ ರೈಗಾರ್ಡ್ ಮತ್ತು ಪೋವ್ಲ್ಸೆನ್ ನ್ಯೂಡ್ ಇಲಿಯಲ್ಲಿ ಮನುಷ್ಯನ ದೊಡ್ಡ ಕರುಳಿನ ಗಡ್ಡೆ ಬೆಳೆಸಿದರು ಅನ್ನೋದನ್ನೂ ಸೇರಿಸಿಕೊಳ್ಳಿ.

ಈಗ ತಲೆ ತಿನ್ನುವ ಭಾಗ, ಬೆಳೆದ ಗಡ್ಡೆಯ ಗಾತ್ರ ಲೆಕ್ಕ ಹಾಕುವುದು. ಗಾತ್ರ = ಉದ್ದ × ಅಗಲ × ಅಗಲ ÷ 2. ಅಗಲ ಯಾಕೆ ಎರಡು ಸಲ? ಆ 2 ಎಲ್ಲಿಂದ ಬಂತು?

ಗಡ್ಡೆಯನ್ನು ಹಾಸನದ ಆಲೂಗಡ್ಡೆ ಅಂದುಕೊಳ್ಳಿ. ಆ ಆಕಾರದ ಗಾತ್ರ ಪೈ/6 × ಉದ್ದ × ಅಗಲ × ಎತ್ತರ. ಪೈ/6 ಅಂದರೆ 0.52, ಅದನ್ನೇ ಅರ್ಧ ಅಂತ ಹಿಡಿಯುತ್ತಾರೆ. ಉಳಿದದ್ದು ಎತ್ತರ. ಆಲೂಗಡ್ಡೆಯನ್ನಾದರೆ ತಿರುಗಿಸಿ ಅಳೆಯಬಹುದು, ಚರ್ಮದ ಕೆಳಗಿನ ಗಡ್ಡೆಯ ತಳಕ್ಕೆ ಕ್ಯಾಲಿಪರ್ (ಎರಡು ದವಡೆಯ ಅಳತೆ ಸಾಧನ) ಹೋಗುವುದೇ ಇಲ್ಲವಲ್ಲ, ಅದಕ್ಕೆ ಎತ್ತರವೂ ಅಗಲದಷ್ಟೇ ಅಂತ ಒಪ್ಪಿಕೊಂಡು ಅಗಲವನ್ನೇ ಇನ್ನೊಂದು ಸಲ ಗುಣಿಸುತ್ತಾರೆ. ಅಷ್ಟೇ ಗುಟ್ಟು. ಅನುಮಾನವಿದ್ದರೆ ಅಡುಗೆಮನೆಯಿಂದ ಒಂದು ಆಲೂಗಡ್ಡೆ ತಂದು ಅಳೆದು, ಆಮೇಲೆ ಅಳತೆ ಜಾಡಿಯ ನೀರಲ್ಲಿ ಮುಳುಗಿಸಿ ತಾಳೆ ನೋಡಿ. ಚಪ್ಪಟೆ ಆಲೂಗಡ್ಡೆಯಾದರೆ ಲೆಕ್ಕ ಜಾಸ್ತಿ ತೋರಿಸುತ್ತದೆ. ಚಪ್ಪಟೆ ಗಡ್ಡೆಗೂ ಇದೇ ಗತಿ.

ಇನ್ನೊಂದು ವಿಷಯ, ನೋಟ್ಸಿನಲ್ಲಿ ಯಾರೂ ಬರೆಯಲ್ಲ. ಉದ್ದ 10, ಅಗಲ 8 ಮಿ.ಮೀ. ಇದ್ದರೆ ಗಾತ್ರ 320 ಘನ ಮಿ.ಮೀ. ಉದ್ದವನ್ನು 11 ಅಂತ ಓದಿದರೆ 352. ಅಗಲವನ್ನು 9 ಅಂತ ಓದಿದರೆ ಸೀದಾ 405! ಹಾಗಾಗಿ ಅಗಲ ಅಳೆಯುವಾಗ ಕೈ ಬಿಗಿ ಇರಬೇಕು, ಇಡೀ ಪ್ರಯೋಗದಲ್ಲಿ ಒಬ್ಬರೇ ಅಳೆದರೆ ಇನ್ನೂ ಒಳ್ಳೆಯದು.

ದುಂಡಗಿನ ಗಡ್ಡೆ 5 ಮಿ.ಮೀ.ನಿಂದ 10 ಮಿ.ಮೀ.ಗೆ ಬಂದರೆ ಎರಡು ಪಟ್ಟಾಯಿತು ಅನ್ನಬೇಡಿ. 62.5ರಿಂದ 500, ಅಂದರೆ ಎಂಟು ಪಟ್ಟು, ಮೂರು ಸಲ ದುಪ್ಪಟ್ಟು. ಇದಕ್ಕೆ 12 ದಿನ ಹಿಡಿದಿದ್ದರೆ ದುಪ್ಪಟ್ಟಾಗುವ ಅವಧಿ 4 ದಿನ. ಲಾಗ್ ಗ್ರಾಫಿನಲ್ಲಿ (ಪ್ರತಿ ದುಪ್ಪಟ್ಟಿಗೂ ಒಂದೇ ಎತ್ತರ ಏರುವ ಗ್ರಾಫ್) ಮೊದಮೊದಲು ನೇರ ಗೆರೆ ಬರುತ್ತದೆ, ಗಡ್ಡೆ ದೊಡ್ಡದಾದಂತೆ ನಡುಭಾಗಕ್ಕೆ ರಕ್ತ ಸಾಲದೆ ಗೆರೆ ಬಾಗುತ್ತದೆ. ದುಪ್ಪಟ್ಟಿನ ಲೆಕ್ಕವನ್ನು ನೇರ ಭಾಗದಲ್ಲೇ ಮಾಡಿ.

ಈ ಇಲಿ ಪ್ರಯೋಗದ ಮಿತಿಗಳು ಬೇಗ ಬೇಗ. ರೋಗಿಯ ಗಡ್ಡೆಯನ್ನು ಇಲಿಯಿಂದ ಇಲಿಗೆ ದಾಟಿಸುತ್ತಾ ಹೋದರೆ ಸುತ್ತಲಿನ ಮನುಷ್ಯನ ಅಂಗಾಂಶ ಹೋಗಿ ಇಲಿಯದ್ದು ಸೇರಿಕೊಳ್ಳುತ್ತದೆ. ಚರ್ಮದಡಿ ಬೆಳೆದ ಸ್ತನ ಕ್ಯಾನ್ಸರ್ ತನ್ನ ಜಾಗದಲ್ಲಿ ಬೆಳೆದಂತೆ ಹರಡುವುದಿಲ್ಲ. ಟಿ ಕೋಶಗಳ ಮೇಲಿನ ಪಿಡಿ-1 ಎಂಬ ಬ್ರೇಕನ್ನು ತಡೆದು ಅವನ್ನು ಎಬ್ಬಿಸುವ ಔಷಧಿಯನ್ನು ಬರೀ ಎನ್‌ಎಸ್‌ಜಿ ಇಲಿಗೆ ಕೊಟ್ಟರೆ ಎಬ್ಬಿಸೋಕೆ ಅಲ್ಲಿ ಯಾರಿದ್ದಾರೆ? ಮೊದಲು ಮನುಷ್ಯನ ರೋಗನಿರೋಧಕ ಕೋಶಗಳನ್ನು ಆ ಇಲಿಗೆ ಸೇರಿಸಬೇಕು.