ಸಿ ಮೇಜರ್‌ನ ಐದು ಮನೆಗಳು

ಇಗರ್ಜಿಯ ಗಾಯನ ಮಂಡಳಿಯಲ್ಲಿ ಮೂರು ವರ್ಷ ಗಿಟಾರ್ ನುಡಿಸಿದ್ದ ಯುವಕನೊಬ್ಬ ಮಂಗಳೂರಿನ ಬಿಜೈಯಲ್ಲಿರುವ ನನ್ನ ತರಗತಿಗೆ ಬಂದ ಮೊದಲ ದಿನ, ಸಿ ಮೇಜರ್ ಕಾರ್ಡನ್ನು (ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛ) ಐದನೆಯ ಫ್ರೆಟ್‌ನ, ಅಂದರೆ ಗಿಟಾರಿನ ಕತ್ತಿನ ಮೇಲಿನ ಐದನೆಯ ಅಡ್ಡಪಟ್ಟಿಯ, ಆಸುಪಾಸಿನಲ್ಲಿ ನುಡಿಸಲು ಹೇಳಿದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿ, ಚೀಲದಿಂದ ಕ್ಯಾಪೊ, ಅಂದರೆ ಎಲ್ಲ ತಂತಿಗಳನ್ನೂ ಒಂದೇ ಫ್ರೆಟ್‌ನಲ್ಲಿ ಒತ್ತಿ ಹಿಡಿಯುವ ಕ್ಲಿಪ್ಪು, ಹೊರತೆಗೆದ. ಅದು ತಪ್ಪೇನಲ್ಲ. ಐದನೆಯ ಫ್ರೆಟ್‌ಗೆ ಕ್ಯಾಪೊ ಹಾಕಿ ಜಿ ಆಕಾರ (ಜಿ ಕಾರ್ಡಿಗೆ ಬೆರಳಿಡುವ ರೀತಿ) ಹಿಡಿದರೆ ಕೇಳಿಸುವುದು ಸಿ ಕಾರ್ಡೇ. ಮೂರರಲ್ಲಿ ಎ ಆಕಾರ, ಎಂಟರಲ್ಲಿ ಇ ಆಕಾರ, ಹತ್ತರಲ್ಲಿ ಡಿ ಆಕಾರ ಹಿಡಿದರೂ ಅದೇ ಸಿ. ಹನ್ನೆರಡಕ್ಕೆ ತಲುಪಿದಾಗ ಮೊದಲಿನ ಸಿ ಆಕಾರವೇ ಒಂದು ಸ್ಥಾಯಿ ಮೇಲೆ ಮರಳುತ್ತದೆ. ಸಿ, ಎ, ಜಿ, ಇ, ಡಿ ಎಂಬ ಈ ಕ್ರಮಕ್ಕೆ ‘ಕೇಜ್ಡ್’ (CAGED) ಪದ್ಧತಿ ಎಂದು ಹೆಸರು. ಕ್ಯಾಪೊ ಮಾಡುವ ಕೆಲಸವನ್ನು ಅಡ್ಡಲಾಗಿ ಮಲಗಿದ ತೋರುಬೆರಳು ಮಾಡಿದರೆ ಅದು ಬಾರ್ ಕಾರ್ಡ್ ಆಗುತ್ತದೆ.

ಆದರೆ ಐದೂ ಆಕಾರಗಳನ್ನು ಆರೂ ತಂತಿಗಳಲ್ಲಿ ಬಾಯಿಪಾಠ ಮಾಡಿಸುವ ಕ್ರಮ ನನಗೆ ಒಪ್ಪಿಗೆಯಿಲ್ಲ. ಜಿ ಆಕಾರವನ್ನು ಬಾರ್ ಹಾಕಿ ಪೂರ್ತಿ ಹಿಡಿಯಲು ಕಿರುಬೆರಳು ಮೂರು ಫ್ರೆಟ್ ದೂರ ಚಾಚಬೇಕು. ಆಟಿ ತಿಂಗಳ ತೇವಕ್ಕೆ ಮರ ಉಬ್ಬಿ ತಂತಿ ಮೇಲೆದ್ದ ಗಿಟಾರಿನಲ್ಲಿ ಅದು ಶಿಕ್ಷೆಯೇ ಸರಿ. (ಮಳೆಗಾಲದಲ್ಲಿ ಬಾರ್ ಕೂರದಿದ್ದರೆ ಬೆರಳನ್ನು ದೂರುವ ಮೊದಲು ವಾದ್ಯವನ್ನು ಪರೀಕ್ಷಿಸಬೇಕು.) ಆದ್ದರಿಂದ ನಾನು ಆರಂಭಿಸುವುದು ತೆಳ್ಳಗಿನ ಮೂರು ತಂತಿಗಳಿಂದ.

ಸಿ ಕಾರ್ಡಿನಲ್ಲಿರುವುದು ಸಿ, ಇ, ಜಿ ಎಂಬ ಮೂರೇ ಸ್ವರಗಳು. ಸಿಯನ್ನು ಷಡ್ಜವೆಂದಿಟ್ಟುಕೊಂಡರೆ ಅವು ಷಡ್ಜ, ಅಂತರ ಗಾಂಧಾರ, ಪಂಚಮ. ಮೂರು, ಎರಡು, ಒಂದನೆಯ ತಂತಿಗಳಲ್ಲಿ (ಅತಿ ತೆಳ್ಳಗಿನದೇ ಒಂದನೆಯದು) ಕ್ರಮವಾಗಿ 5, 5, 3ನೆಯ ಫ್ರೆಟ್ ಒತ್ತಿದರೆ ಸ–ಗ–ಪ. 9, 8, 8 ಒತ್ತಿದರೆ ಗ–ಪ–ಸ. 12, 13, 12 ಒತ್ತಿದರೆ ಪ–ಸ–ಗ. ಪ್ರತಿ ಸಲವೂ ಷಡ್ಜ ಯಾವ ಬೆರಳಿನ ಕೆಳಗಿದೆಯೆಂದು ಬಾಯಿಬಿಟ್ಟು ಹೇಳಿಯೇ ಮೀಟಬೇಕೆಂಬುದು ನನ್ನ ತರಗತಿಯ ನಿಯಮ. ಗಾಂಧಾರದ ಜಾಗ ತಿಳಿದವನಿಗೆ ಮೈನರ್ ಕಾರ್ಡ್ ಹೊಸ ಪಾಠವಲ್ಲ: ಅದನ್ನು ಒಂದು ಫ್ರೆಟ್ ಇಳಿಸಿ ಸಾಧಾರಣ ಗಾಂಧಾರ ಮಾಡಿದರೆ 5, 5, 3 ಎಂಬುದು 5, 4, 3 ಆಗುತ್ತದೆ, 9, 8, 8 ಎಂಬುದು 8, 8, 8 ಆಗಿ ಒಂದೇ ಬೆರಳಿನಲ್ಲಿ ಮುಗಿಯುತ್ತದೆ. ಆರಂಭದಲ್ಲಿ ಕಲಿತ ತೆರೆದ ಸಿ ಆಕಾರದಲ್ಲಿ ಗಾಂಧಾರವು ಒತ್ತದ ಮೊದಲ ತಂತಿಯಲ್ಲೂ ಇರುವುದರಿಂದ ಅಲ್ಲಿ ಅದನ್ನು ಇಳಿಸಲು ಜಾಗವೇ ಇಲ್ಲ. ಸಿ ಮೈನರ್ ಅಲ್ಲಿ ಸಿಗದಿರುವುದು ಇದೇ ಕಾರಣಕ್ಕೆ.

ಒಂದು ತೊಡಕು ಮಾತ್ರ ಎಲ್ಲರನ್ನೂ ಕಾಡುತ್ತದೆ. ಆರು, ಐದು, ನಾಲ್ಕನೆಯ ತಂತಿಗಳಲ್ಲಿ ಇದೇ ಸ–ಗ–ಪ 8, 7, 5ರಲ್ಲಿದ್ದರೆ, ನಾಲ್ಕು, ಮೂರು, ಎರಡನೆಯ ತಂತಿಗಳಲ್ಲಿ 10, 9, 8ರಲ್ಲಿ ಸಿಗುತ್ತದೆ, ಆಕಾರ ಬದಲಾಗಿಬಿಟ್ಟಿತು. ಅಕ್ಕಪಕ್ಕದ ತಂತಿಗಳ ನಡುವೆ ಎಲ್ಲೆಡೆ ಐದು ಫ್ರೆಟ್‌ಗಳ ಅಂತರವಿದ್ದು, ಮೂರನೆಯ ಮತ್ತು ಎರಡನೆಯ ತಂತಿಗಳ ನಡುವೆ ಮಾತ್ರ ನಾಲ್ಕೇ ಇರುವುದರ ಫಲವಿದು.

ಆ ಯುವಕನಿಗೆ ಈಗ ಕೊಟ್ಟಿರುವ ಅಭ್ಯಾಸ ಚಿಕ್ಕದು. ತೆಳ್ಳಗಿನ ಅದೇ ಮೂರು ತಂತಿಗಳಲ್ಲಿ ಸಿ 9, 8, 8. ಎಫ್ 10, 10, 8. ಜಿ 7, 8, 7. ಅಂಗೈ ಜಾಗ ಬಿಡುವಂತಿಲ್ಲ. ಸಿಯಿಂದ ಎಫ್‌ಗೆ ಅವನು ಸಲೀಸಾಗಿ ಹೋಗುತ್ತಾನೆ. ಎಫ್‌ನಿಂದ ಜಿಗೆ ಬರುವಾಗ ಮೂರು ಸ್ವರಗಳೂ ಒಟ್ಟಿಗೆ ಇಳಿಯಬೇಕಾದುದರಿಂದ ಅಲ್ಲಿ ಇನ್ನೂ ತಡವರಿಸುತ್ತಾನೆ.